ಪಿತ್ತವಲ್ಲದ ತಲೆನೋವು

ಇಚಲಕರಂಜಿಯ ನಮ್ಮ ಮನೆಯಲ್ಲಿ ನನ್ನ ಹೆಂಡತಿ ಪದ್ಮಾವತಿ ಬೆಳಿಗ್ಗೆ ಮಗಳಿಗೆ ಹೆರಳು ಹಾಕುತ್ತಿದ್ದಳು. "ರೀ, ತಲಿ ಒಡೀತ್ರೀ!" ಎಂದು ಚೀರಿ ಬಿದ್ದಳು.

ವಾಂತಿಯಾಯಿತು. ಬೆಳಕು ಸಹಿಸಲಾರದೆ ಮುಖದ ಮೇಲೆ ಸೆರಗು ಎಳೆದುಕೊಂಡಳು. ಊರ ವೈದ್ಯರು ಪಿತ್ತವೆಂದರು.

"ಉಪವಾಸ ಭಾಳ ಮಾಡ್ಯಾಳ. ಪಾನಕ ಕುಡಿಸು, ಇಳೀತೈತಿ," ಎಂದಳು ನನ್ನವ್ವ.

ಕುಡಿಸಲೆಂದು ಅವಳ ತಲೆ ಎತ್ತಿದೆ. ಕುತ್ತಿಗೆ ಬಾಗಲಿಲ್ಲ, ಭುಜಗಳೂ ಜೊತೆಗೇ ಎದ್ದವು. ನನಗೆ ಭಯವಾಯಿತು. ಯುದ್ಧಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಇದ್ದಿಲು ಉರಿಸಿ ಓಡುವ ಮೋಟಾರಿನಲ್ಲಿ ಮಲಗಿಸಿಕೊಂಡು ಕೊಲ್ಹಾಪುರದ ದವಾಖಾನೆಗೆ ಒಯ್ದೆ.

"ಜ್ವರ ಇತ್ತೇನು?" ಡಾಕ್ಟರ್ ಕೇಳಿದರು.

"ಇಲ್ರಿ."

"ನೋವು ಹಳೂಹಳೂ ಏರಿತೋ, ಏಕದಮ್ ಬಂತೋ?"

"ಏಕದಮ್ ರೀ, ಸಾಹೇಬ್ರ. ಹೆರಳ ಹಾಕಾಕತ್ತಿದ್ಲು, ಅಷ್ಟರಾಗ."

"ಹಂಗಾರ ಇದು ಪಿತ್ತ ಅಲ್ಲ," ಎಂದು ಮೆದುಳು, ಬೆನ್ನುಹುರಿಗಳ ಸುತ್ತಲಿನ ನೀರು ತೆಗೆದು ನೋಡುವ ಲಂಬಾರ್ ಪಂಕ್ಚರ್‌ಗೆ ಸಿದ್ಧರಾದರು. ಬೆನ್ನೆಲುಬಿನ ಸಂದಿಗೆ ಸೂಜಿ ಹೋಯಿತು. ತಿಳಿನೀರು ಬರಬೇಕಿತ್ತು.

ರಕ್ತ ಬಂತು.

ಸೂಜಿ ತಗುಲಿ ಬಂದ ರಕ್ತವಾಗಿದ್ದರೆ ಬರುಬರುತ್ತ ತಿಳಿಯಾಗುತ್ತದಂತೆ. ಒಂದಾದ ಮೇಲೊಂದು ಟ್ಯೂಬ್ ಹಿಡಿದರು. ಎಲ್ಲವೂ ಅಷ್ಟೇ ಕೆಂಪು.

"ಮೆದುಳಿನ ರಕ್ತನಾಳ ಗುಳ್ಳಿಹಂಗ ಉಬ್ಬಿ ಒಡದೈತಿ. ಅನ್ಯೂರಿಸಂ. ಇದಕ್ಕ ನಮ್ಮಲ್ಲಿ ಆಪರೇಶನ್ ಇಲ್ಲ. ಅಲುಗಾಡಬಾರದು, ಅಳಬಾರದು. ಮತ್ತ ಒಡದ್ರ ಕಷ್ಟ," ಎಂದರು.

ಅವಳ ಪಾಲಿನದನ್ನೂ ಸೇರಿಸಿ ನಾನು ವರಾಂಡದಲ್ಲಿ ಅತ್ತೆ.

ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದರು. ಚಮಚದಲ್ಲಿ ಹಾಲು, ಗಂಜಿ. ಗಡಹಿಂಗ್ಲಜದಿಂದ ಮಾವ ಬಂದವರು ಮಗಳನ್ನು ನೋಡಿ ಸಿಟ್ಟಾದರು.

"ಕತ್ತಲದಾಗ ಕೆಡವಿದ್ರ ಯಾರು ಆರಾಮ ಆಗ್ತಾರು? ನಮ್ಮೂರಿಗೆ ಕರಕೊಂಡ ಹೋಗ್ತೀನಿ."

ನಾನು ಬಾಗಿಲಿಗೆ ಅಡ್ಡ ನಿಂತೆ. ಅವರೆದುರು ಎಂದೂ ದನಿ ಎತ್ತಿದವನಲ್ಲ.

"ಬಿಡೂದಿಲ್ರಿ, ಮಾವಾರ. ಆ ಕಲ್ಲಿನ ರಸ್ತೇದಾಗ ಅಕಿ ಉಳಿಯೂದಿಲ್ಲ."

ಅವರು ರುಮಾಲು ತೆಗೆದಿಟ್ಟು, ಮಗಳ ಪಕ್ಕ ಕೂತು ಗಾಳಿ ಬೀಸತೊಡಗಿದರು.

ವಾರಗಳು ಕಳೆದವು. ವಾಂತಿ ನಿಂತಿತು. ನೋವು ಇಳಿಯಿತು. ಒಂದು ಬೆಳಿಗ್ಗೆ ಡಾಕ್ಟರ್ ಮೆಲ್ಲನೆ ಅವಳ ತಲೆ ಎತ್ತಿದಾಗ ಗದ್ದ ಎದೆಗೆ ತಾಗಿತು.

"ಗೆದ್ದಳು!" ಎಂದರು, ಯಾವಾಗಲೂ ಗಂಭೀರವಾಗಿರುತ್ತಿದ್ದ ಆ ಮನುಷ್ಯ.

ಹೊರಡುವ ದಿನ ಎತ್ತಿಕೊಳ್ಳಲು ಬಂದ ಮಾವನಿಗೆ ಅವಳು, "ಸರೀರಿ ಅಪ್ಪಾ, ನಾನ ನಡೀತೀನಿ," ಎಂದಳು. ಗೋಡೆ ಹಿಡಿದು, ನಿಂತು ನಿಂತು, ಬಾಗಿಲವರೆಗೆ ನಡೆದೇ ಹೋದಳು. ವಾರ್ಡಿನ ರೋಗಿಗಳು ಎದ್ದು ಕೂತು ನೋಡಿದರು.

ಆ ರಕ್ತನಾಳ ಮತ್ತೆ ಒಡೆಯಬಹುದು, ಡಾಕ್ಟರ್ ಮುಚ್ಚಿಡಲಿಲ್ಲ. ಭಾರ ಎತ್ತಲು ನಾವು ಬಿಡುವುದಿಲ್ಲ. ಆದರೆ ಸರಿಯಾದ ಪ್ರಶ್ನೆ ಕೇಳಿದವರೊಬ್ಬರು ಸಿಕ್ಕಿದ್ದರಿಂದ ಅವಳು ಇದ್ದಾಳೆ. ಈಗ ಅಡುಗೆಮನೆಯಲ್ಲಿ ಸಾರಿನ ಉಪ್ಪಿಗಾಗಿ ಅವ್ವನೊಡನೆ ಜಗಳವಾಡುತ್ತಿದ್ದಾಳೆ. ದನಿ ಬೀದಿಯವರೆಗೆ ಕೇಳುತ್ತಿದೆ.

ಕೇಳಲಿ.