ಉಗ್ರಪ್ಪನ ಬಸವನಹುಳು

ಹೋದ ತಿಂಗಳು ನಮ್ಮ ಲ್ಯಾಬ್ ಅಟೆಂಡರ್ ಉಗ್ರಪ್ಪ ನಿವೃತ್ತನಾದ. ಪ್ರೊಫೆಸರ್ ಪರಮಶಿವಯ್ಯ ಹಾರ ಹಾಕಿ, "ನಿಷ್ಠಾವಂತ ಸೇವಕ" ಎಂದು ಹೊಗಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಜಯನಗರದ ನಮ್ಮ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದ ಈ ಮನುಷ್ಯ ಒಂದು ದಿನವೂ ಪ್ಯಾಂಟು ಮಡಚಿ ಕೆರೆಗೆ ಇಳಿದವರಲ್ಲ.

ಇಳಿಯುತ್ತಿದ್ದವನು ಉಗ್ರಪ್ಪ. ಮನೆ ಯಡಿಯೂರಿನಲ್ಲಿ, ಹೆಂಡತಿಯ ತವರು ಹುಳಿಮಾವಿನಲ್ಲಿ. ಭಾನುವಾರ ಮಾವನ ಮನೆಯಲ್ಲಿ ಉಂಡು, ಅಲ್ಲಿನ ಕೆರೆಯಿಂದ ಪ್ರಾಕ್ಟಿಕಲ್ಸಿಗೆ ಬೇಕಾದ ಹುಳುಹುಪ್ಪಟೆ ಹಿಡಿದು ತರುತ್ತಿದ್ದ. ಓದಿದ್ದು ಏಳನೇ ಕ್ಲಾಸು. ಆದರೂ ಯಾವ ಜಾಗ, ಯಾವ ದಿನ, ಹಿಡಿದವರು ಯಾರು ಎಂದು ಪೆನ್ಸಿಲಿನಲ್ಲಿ ಬರೆದ ಚೀಟಿಯಿಲ್ಲದೆ ಅವನ ಒಂದು ಬಾಟಲಿಯೂ ಇರುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಅವನು ಕಡಲೆಬೇಳೆಯಷ್ಟು ಸಣ್ಣ ಬಸವನಹುಳು ತಂದ. "ಸುಧಾಮಣಿ ಮೇಡಂ, ಚಿಪ್ಪಿನ ಮೇಲೆ ಉಬ್ಬಿದ ಗೆರೆ ಥರ ಮೂರು ಏಣು ನೋಡಿ. ಇಂಥದ್ದು ಇಷ್ಟು ವರ್ಷದಲ್ಲಿ ನಾನ್ ಕಂಡಿಲ್ಲ," ಎಂದು ಬಾಟಲಿಯನ್ನು ನನ್ನ ಮುಂದೆ ಹಿಡಿದ.

ಪರಮಶಿವಯ್ಯ ಆ ಚೀಟಿ ಹರಿದೆಸೆದು, ತಮ್ಮ ಹೆಸರಿನದೊಂದು ಬರೆದು, ಹಾಲೆಂಡಿನ ತಜ್ಞ ವಿಲೆಮ್‌ಗೆ ಬಾಟಲಿ ಕಳಿಸಿದರು. ವಿಲೆಮ್ ಹತ್ತು ದೇಶಗಳ ಚಿಪ್ಪುಗಳ ಪಕ್ಕದಲ್ಲಿಟ್ಟು ನೋಡಿ, ಇದು ಯಾರೂ ದಾಖಲಿಸದ ಜಾತಿ, ಇಬ್ಬರೂ ಸೇರಿ ಸಂಶೋಧನಾ ಪೇಪರು ಪ್ರಕಟಿಸೋಣ ಎಂದು ಬರೆದರು. ಆ ಚಿಪ್ಪುಗಳು ನಮ್ಮಲ್ಲಿಲ್ಲ, ಈ ಕೆರೆ ಅವರಲ್ಲಿಲ್ಲ. ಎರಡೂ ಸೇರದಿದ್ದರೆ ಇಬ್ಬರಿಗೂ ಏನೂ ತಿಳಿಯುತ್ತಿರಲಿಲ್ಲ. ಇಷ್ಟು ಚೆಂದದ ಕೆಲಸಕ್ಕೆ ನಮ್ಮವರು ಹೇಸಿಗೆ ಮೆತ್ತಿದರು.

"ಸಾರ್, ಪೇಪರಲ್ಲಿ ನನ್ನ ಹೆಸ್ರೂ ಬರುತ್ತಾ? ಮಗಳಿಗೆ ತೋರಿಸ್ಬೇಕಿತ್ತು," ಎಂದು ಉಗ್ರಪ್ಪ ಕೇಳಿದ.

"ಇಂಟರ್‌ನ್ಯಾಷನಲ್ ಪೇಪರಲ್ಲಿ ಅಟೆಂಡರ್ ಹೆಸ್ರು ಹಾಕಿದ್ರೆ ಉಗೀತಾರೆ ಕಣಯ್ಯ. ಹೋಗು, ಟೀ ತಗೊಂಬಾ."

ಪೇಪರು ಅಚ್ಚಿಗೆ ಹೋಗುವ ಮೊದಲು ಕೆರೆ ನೋಡಬೇಕೆಂದು ವಿಲೆಮ್ ತಾವೇ ಬಂದರು. ಪರಮಶಿವಯ್ಯ ಬೂಟು ಹಾಕಿಕೊಂಡು ಏರಿಯ ಮೇಲೆ ನಿಂತು, ಬೆರಳು ತೋರಿಸಿದ ಕಡೆಯೆಲ್ಲ ಬರೀ ಜೊಂಡು. ಕೊನೆಗೆ ಉಗ್ರಪ್ಪ ನೀರಿಗಿಳಿದು ತಾವರೆ ಎಲೆಯೊಂದನ್ನು ಮಗುಚಿದ. ಅಡಿಯಲ್ಲಿ ಐದು ಹುಳು ಅಂಟಿಕೊಂಡಿದ್ದವು. ವಿಲೆಮ್ ಪ್ಯಾಂಟು ಮಡಚದೆಯೇ ಅವನ ಪಕ್ಕಕ್ಕೆ ಇಳಿದರು.

ಉಗ್ರಪ್ಪನಿಗೆ ಇಂಗ್ಲಿಷ್ ಬಾರದು. ವಿಲೆಮ್ ನನ್ನತ್ತ ತಿರುಗಿ, "ಮೊದಲು ಕಂಡವರು ಇವರೇ ಅಲ್ಲವೆ? ಹಾಗಿದ್ದರೆ ಪೇಪರಿನಲ್ಲಿ ಇವರ ಹೆಸರೂ ಇರಬೇಕು. ಕೇಳಿ ಹೇಳಿ," ಎಂದರು.

ಪರಮಶಿವಯ್ಯ ನನ್ನನ್ನೇ ದಿಟ್ಟಿಸಿದರು. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ, ಖಾಯಂ ಮಾಡಿ ಎಂದು ಬರೆಯಬೇಕಾದವರು ಅವರೇ. ಅವರನ್ನು ಬೈಯುವ ಈ ಬಾಯಿ ಅವತ್ತು ಏನು ಮಾಡಿತು ಅನ್ನುವುದನ್ನೂ ಹೇಳಿಬಿಡುತ್ತೇನೆ.

"ಉಗ್ರಪ್ಪ, ಇಲ್ಲಿ ನೀರು ಎಷ್ಟು ಆಳ ಇದೆ ಅಂತ ಕೇಳ್ತಿದಾರೆ."

"ಇಲ್ಲಿ ಮೊಣಕಾಲುಮಟ್ಟ, ಮೇಡಂ. ಆ ಕಡೆ ಹೂಳಿದೆ, ಹುಷಾರು ಅನ್ನಿ," ಎಂದು ಅವನು ವಿಲೆಮ್‌ರ ಕೈ ಹಿಡಿದುಕೊಂಡ.

ನಾನು ಇಂಗ್ಲಿಷಿನಲ್ಲಿ ಹೇಳಿದೆ: "ಪ್ರೊಫೆಸರ್ ತೋರಿಸಿಕೊಟ್ಟ ಮೇಲೆಯೇ ಇವನಿಗೆ ಗೊತ್ತಾಯಿತಂತೆ."