ಸ್ವಲ್ಪ ಹಿಂದೆ ನಿಲ್ಲು

ನನ್ನ ಗಂಡನ ಕಣ್ಣುಗಳು ಎಷ್ಟು ದೊಡ್ಡವು ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನನ್ನನ್ನು ನೋಡಲು ಬಂದ ದಿನ ದಪ್ಪ ಕನ್ನಡಕದ ಹಿಂದೆ ಅವು ಹುಣಸೆ ಬೀಜದಷ್ಟೇ ಕಂಡಿದ್ದವು. ಮದುವೆಯ ಮರುದಿನ ಬೆಳಿಗ್ಗೆ ಅವರು ಮುಖ ತೊಳೆದು, ಕನ್ನಡಕವನ್ನು ಕೈಯಲ್ಲಿ ಹಿಡಿದುಕೊಂಡು ಒಳಗೆ ಬಂದಾಗ ಯಾರೋ ಬೇರೆಯವರು ಬಂದಂತಾಯಿತು. ಅಗಲವಾದ, ಉದ್ದ ರೆಪ್ಪೆಯ, ಏನನ್ನೋ ಈಗಷ್ಟೇ ಕೇಳಿ ಬೆರಗಾದಂತಿದ್ದ ಕಣ್ಣುಗಳು. ನಾನು ನೋಡುತ್ತಾ ನಿಂತದ್ದು ಅವರಿಗೆ ಗೊತ್ತಾಗಲಿಲ್ಲ. ಕನ್ನಡಕವಿಲ್ಲದೆ ನಾಲ್ಕು ಬೆರಳಿನಾಚೆ ಅವರಿಗೆ ಎಲ್ಲವೂ ಮಂಜು.

ಅವರು ಕಾರ್ಕಳದ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತಿದ್ದರು. ನಮ್ಮ ಮನೆ ಪರ್ಕಳದಲ್ಲಿ. ಬೆಳಿಗ್ಗೆ ಅವರು ಕಾರ್ಕಳದ ಬಸ್ಸು ಹತ್ತಿದರೆ ನಾನು ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದೆ. ರವಿಕೆ ಹೊಲಿಯುವುದು ನನ್ನ ಕೆಲಸ. ಮಕ್ಕಳಾಗಲಿಲ್ಲ. ಮನೆಯೊಳಗೆ ನಮ್ಮ ಮಾತು ತುಳುವಿನಲ್ಲಿ; ಆದರೆ ಪಾಠದ ವಿಷಯ ಬಂದರೆ ಅವರು ತಾವಾಗಿಯೇ ಕನ್ನಡಕ್ಕೆ ಹೊರಳುತ್ತಿದ್ದರು. ಬೆಳಕು, ಗಾಜು, ಕಣ್ಣು ಇವುಗಳ ಬಗ್ಗೆ ಅವರು ತುಳುವಿನಲ್ಲಿ ಮಾತಾಡಿದ್ದು ನನಗೆ ನೆನಪಿಲ್ಲ.

ಕನ್ನಡಕ ಹಾಕಿದಾಗ ಕಣ್ಣು ಯಾಕೆ ಸಣ್ಣದಾಗುತ್ತದೆ ಎಂದು ಒಮ್ಮೆ ಕೇಳಿದ್ದೆ. ತಮ್ಮ ಕಣ್ಣಿನ ಗುಡ್ಡೆ ಬೇಕಾದುದಕ್ಕಿಂತ ಉದ್ದ, ಹಾಗಾಗಿ ಬೆಳಕು ಹಿಂದಿನ ಪರದೆಯನ್ನು ತಲುಪುವ ಮೊದಲೇ ಒಂದು ಕಡೆ ಸೇರಿಬಿಡುತ್ತದೆ ಎಂದರು. ನಡು ತೆಳ್ಳಗಿರುವ ಈ ಗಾಜು ಬೆಳಕನ್ನು ಮೊದಲೇ ಸ್ವಲ್ಪ ಚೆದುರಿಸಿ ಒಳಗೆ ಕಳಿಸುತ್ತದೆ. ಚಿತ್ರ ಸ್ಪಷ್ಟವಾಗುತ್ತದೆ, ಆದರೆ ಎಲ್ಲವೂ ಕುಗ್ಗುತ್ತದೆ.

"ನಿನಗೆ ನನ್ನ ಕಣ್ಣು ಸಣ್ಣದಾಗಿ ಕಾಣುತ್ತದೆ, ನನಗೆ ಇಡೀ ನೀನೇ ಸಣ್ಣದಾಗಿ ಕಾಣುತ್ತೀ. ಇಬ್ಬರಿಗೂ ಸರಿಯಾಯಿತು ಅಲ್ವಾ" ಎಂದು ನಕ್ಕರು.

ಆ ಕಣ್ಣಿನಿಂದ ಒಂದು ಉಪಕಾರವೂ ಇತ್ತು. ಸೌದೆ ಎತ್ತುವಾಗ ನನ್ನ ಬೆರಳಿಗೆ ಸಿಬಿರು ಚುಚ್ಚಿಕೊಂಡರೆ ಅವರು ಕನ್ನಡಕ ತೆಗೆದು, ಬೆರಳನ್ನು ಮೂಗಿನ ತುದಿಗೆ ತಂದುಕೊಂಡು, ನನಗೆ ಕಾಣದ ಸಿಬಿರನ್ನು ಸೂಜಿಯಿಂದ ಎಬ್ಬಿಸಿ ತೆಗೆಯುತ್ತಿದ್ದರು. ಅವರ ಉಸಿರು ಅಂಗೈಗೆ ತಾಗುತ್ತಿತ್ತು. ದೇವರು ತಮ್ಮ ಕಣ್ಣಿನೊಳಗೇ ಒಂದು ಭೂತಗನ್ನಡಿ ಇಟ್ಟಿದ್ದಾನೆ ಎನ್ನುತ್ತಿದ್ದರು. ಅದು ಹೇಗೆ ಎಂದು ಕೇಳಿದಾಗ ನನ್ನ ಡಬ್ಬಿಯಿಂದ ಒಂದು ಗುಂಡಿ ತೆಗೆದು ಕೈಗೆ ಕೊಟ್ಟರು. ಕೈ ಚಾಚಿ ನೋಡಲು ಹೇಳಿದರು, ಮತ್ತೆ ಹತ್ತಿರ ತರಲು, ಇನ್ನೂ ಹತ್ತಿರ ತರಲು. ಗುಂಡಿ ದೊಡ್ಡದಾಗುತ್ತಾ ಬಂದು ಕೊನೆಗೆ ಮಸುಕಾಯಿತು.

"ಭೂತಗನ್ನಡಿಯಲ್ಲಿ ಮಂತ್ರ ಎಂತದೂ ಇಲ್ಲ. ವಸ್ತು ಹತ್ತಿರ ಬಂದಷ್ಟೂ ಕಣ್ಣಿನೊಳಗೆ ಅದು ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಆದರೆ ಅಷ್ಟು ಹತ್ತಿರದ ಬೆಳಕನ್ನು ಬಗ್ಗಿಸಿ ಒಟ್ಟು ಮಾಡುವ ಶಕ್ತಿ ನಿನ್ನ ಕಣ್ಣಿಗೆ ಇಲ್ಲ. ಗಾಜು ಆ ಕೆಲಸವನ್ನು ಮಾಡಿಕೊಡುತ್ತದೆ. ಆಗ ನೀನು ಹತ್ತಿರ ಹೋಗಬಹುದು. ಅಷ್ಟೇ."

ಸುಮಾರು ಒಂದು ಗೇಣಿನಲ್ಲಿಟ್ಟು ನೋಡುವುದನ್ನು ಅದರ ನಾಲ್ಕನೇ ಒಂದು ಪಾಲಿಗೆ ತಂದರೆ ನಾಲ್ಕು ಪಟ್ಟು ದೊಡ್ಡದು. ತಮಗೆ ಗಾಜಿಲ್ಲದೆಯೇ ಅಷ್ಟು ಹತ್ತಿರ ಹೋಗುವ ಸೌಕರ್ಯ ಉಂಟು ಎಂದರು.

ನಿವೃತ್ತಿಗೆ ಕೆಲವು ವರ್ಷ ಇರುವಾಗ, ತರಗತಿಯಲ್ಲಿ ಸ್ಕೇಲ್ ಇಟ್ಟು ಎಳೆದ ಗೆರೆ ಅವರಿಗೆ ಸೊಟ್ಟಗೆ ಕಂಡಿತು. ಅಳಿಸಿ ಮತ್ತೆ ಎಳೆದರಂತೆ. ಮತ್ತೂ ಸೊಟ್ಟ. ಗೆರೆ ನೆಟ್ಟಗೇ ಉಂಟು ಸರ್ ಎಂದು ಮಕ್ಕಳು ಹೇಳಿದಾಗ ಪಾಠ ಮುಂದುವರಿಸಿದರಂತೆ. ಮನೆಗೆ ಬಂದು ಬಾಗಿಲ ಚೌಕಟ್ಟಿನ ಮುಂದೆ ನಿಂತು ಒಂದು ಕಣ್ಣು ಮುಚ್ಚಿ, ಮತ್ತೊಂದು ಮುಚ್ಚಿ ನೋಡಿದರು. ಎಡಗಣ್ಣಿಗೆ ಚೌಕಟ್ಟಿನ ನಡುಭಾಗ ನೀರಿನಲ್ಲಿ ಅದ್ದಿದ ಕೋಲಿನಂತೆ ಬಾಗಿತ್ತು.

ಮಣಿಪಾಲದ ಆಸ್ಪತ್ರೆಯಲ್ಲಿ ಹೇಳಿದ್ದು ಇಷ್ಟು: ಗುಡ್ಡೆ ಉದ್ದವಾಗಿ ಎಳೆದುಕೊಂಡು ಹಿಂದಿನ ಪರದೆ ತೆಳ್ಳಗಾಗಿದೆ, ಅದರ ನಟ್ಟನಡುವೆ, ಓದಲು ಮತ್ತು ಮುಖ ಗುರುತಿಸಲು ಬೇಕಾದ ಜಾಗದಲ್ಲಿ, ರಕ್ತ ಸೋರಿದೆ. ಕಣ್ಣಿಗೆ ಚುಚ್ಚುಮದ್ದು ಕೊಟ್ಟರು. ಸ್ವಲ್ಪ ಸುಧಾರಿಸಿತು, ನಿಂತಿತು, ಮತ್ತೆ ಕೆಟ್ಟಿತು. ಮರುವರ್ಷ ಬಲಗಣ್ಣಿಗೂ ಅದೇ ಆಯಿತು.

ಮಾತಾಡುವಾಗ ಅವರು ನನ್ನ ಕಿವಿಯ ಪಕ್ಕದ ಗೋಡೆಯನ್ನು ನೋಡಲು ಶುರುಮಾಡಿದ್ದು ಆಗ. ಎದುರು ಕೂತು ಊಟ ಮಾಡುವಾಗಲೂ ಹಾಗೆ. ನೇರ ನೋಡಿದರೆ ನನ್ನ ಮುಖದ ಜಾಗದಲ್ಲಿ ಬೂದು ಬಣ್ಣದ ಒಂದು ಕಲೆ ಮಾತ್ರ, ಪಕ್ಕಕ್ಕೆ ನೋಡಿದರೆ ಮುಖದ ಅಂದಾಜು ಸಿಗುತ್ತದೆ ಎಂದು ಅವರು ವಿವರಿಸಿದ್ದರು. ನನಗೆ ಅರ್ಥವಾಗಿತ್ತು. ಆದರೂ, ಅನ್ನ ಬಡಿಸುವಾಗ ನನ್ನ ಗಂಡ ನನ್ನ ಹಿಂದೆ ಯಾರೋ ನಿಂತಿದ್ದಾರೆ ಎಂಬಂತೆ ಮಾತಾಡುವುದು ನನಗೆ ಅಭ್ಯಾಸವೇ ಆಗಲಿಲ್ಲ.

ದೃಷ್ಟಿ ಕಡಿಮೆಯಾದವರಿಗಾಗಿಯೇ ಇರುವ ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ಇದ್ದರು. ಅವರು ಕಾಲುಗಳಿರುವ ಒಂದು ದೀಪದ ಭೂತಗನ್ನಡಿಯನ್ನು ಕಾಗದದ ಮೇಲೆ ನಿಲ್ಲಿಸಿ, ಕಣ್ಣನ್ನು ಆದಷ್ಟು ಗಾಜಿನ ಹತ್ತಿರ ತರಲು ಹೇಳಿದರು. ದೂರದಿಂದ ನೋಡಿದರೆ ಎರಡು ಅಕ್ಷರ, ಹತ್ತಿರ ಬಂದರೆ ನಾಲ್ಕೈದು. ಮಕ್ಕಳಿಗೆ ತಾವೇ ಇಷ್ಟು ವರ್ಷ ಹೇಳಿಕೊಟ್ಟ ವಿಷಯವನ್ನು ಇವರು ತಲೆಯಾಡಿಸುತ್ತಾ ಕೇಳಿದರು. ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದರು: ಗೋಡೆಯ ನಡುವೆ ತೂತು ಬಿದ್ದಿದೆ ಎಂದುಕೋ. ಸಣ್ಣ ಚಿತ್ರ ಪೂರಾ ತೂತಿನೊಳಗೆ ಬಿದ್ದುಹೋಗುತ್ತದೆ. ಚಿತ್ರವನ್ನು ಹಿಗ್ಗಿಸಿದರೆ ಅದರ ಅಂಚುಗಳಾದರೂ ಉಳಿದ ಗೋಡೆಯ ಮೇಲೆ ನಿಲ್ಲುತ್ತವೆ.

ಆ ಗಾಜಿನಲ್ಲಿ ಅವರು ಪತ್ರಿಕೆ ಓದಲು ಕಲಿತರು. ಪದವನ್ನು ಅಕ್ಷರ ಅಕ್ಷರವಾಗಿ ಹೆಕ್ಕುತ್ತಾ ಸಾಲಿನ ಕೊನೆಗೆ ಬರುವಾಗ ಸಾಲಿನ ಮೊದಲ ಪದ ಮರೆತುಹೋಗಿರುತ್ತಿತ್ತು. ದೃಷ್ಟಿ ಇಳಿದಂತೆ ಹೆಚ್ಚು ಶಕ್ತಿಯ ಗಾಜು ಬೇಕಾಯಿತು. ಶಕ್ತಿ ಹೆಚ್ಚಿದಂತೆ ಕಿಟಕಿ ಸಣ್ಣದಾಯಿತು. ಕೊನೆಗೆ ಒಂದು ಸಲಕ್ಕೆ ಒಂದೇ ಅಕ್ಷರ, ಅದರ ಒತ್ತು ಬೇರೆ. ಪತ್ರಿಕೆಯ ಸಣ್ಣ ಸುದ್ದಿ ಓದಿ ಮುಗಿಸಲು ಬೆಳಗ್ಗೆಯೆಲ್ಲ ಬೇಕಾಗುತ್ತಿತ್ತು. ನಾನು ಓದಿ ಹೇಳುತ್ತೇನೆ ಎಂದರೆ ಬೇಡ ಎನ್ನುತ್ತಿದ್ದರು. ಆಮೇಲೆ ಒಂದು ದಿನ ಬೇಡ ಎನ್ನಲಿಲ್ಲ. ನಾನು ಓದತೊಡಗಿದಾಗ ಅವರು ತಲೆ ತಗ್ಗಿಸಿ ಕೂತಿದ್ದರು.

ಕಾಲೇಜಿನಿಂದ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು. ಕೊನೆಯ ದಿನ ಮಸೂರಗಳ ಪಾಠವನ್ನು ಪುಸ್ತಕವಿಲ್ಲದೆ ಮಾಡಿದರಂತೆ. ಬೋರ್ಡಿನ ಮೇಲೆ ಕಿರಣಗಳನ್ನು ಎಳೆಯುವ ಬದಲು ಮಕ್ಕಳನ್ನೇ ಸಾಲಾಗಿ ನಿಲ್ಲಿಸಿ, ಇವನು ಬೆಳಕು, ಇಲ್ಲಿ ಬಗ್ಗು, ಅಲ್ಲಿ ಸೇರು ಎಂದು ನಡೆಸಿದರಂತೆ. ಮನೆಗೆ ಬಂದು ಇದನ್ನು ಹೇಳುವಾಗ ಅವರಿಗೆ ಖುಷಿಯಿತ್ತು. ಚಹಾ ಕುಡಿದ ಮೇಲೆ ಹಿತ್ತಿಲಿಗೆ ಹೋದವರು ತುಂಬಾ ಹೊತ್ತು ಬರಲಿಲ್ಲ. ನಾನು ಕಿಟಕಿಯಿಂದ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಅಳುತ್ತಿದ್ದರು. ಹತ್ತಿರ ಹೋಗಲು ನನಗೆ ಧೈರ್ಯವಾಗಲಿಲ್ಲ.

ಅದೇ ದಿನಗಳಲ್ಲಿ ಡಾಕ್ಟರಮ್ಮ ಅವರಿಗೆ ಬಸ್ಸಿನ ಬೋರ್ಡು ನೋಡಲೆಂದು ಒಂದೇ ಕಣ್ಣಿಗೆ ಹಿಡಿಯುವ ದುರ್ಬೀನು ಕೊಟ್ಟರು. ಹೆಬ್ಬೆರಳಿಗಿಂತ ಸ್ವಲ್ಪ ಉದ್ದ, ಕುತ್ತಿಗೆಗೆ ನೇತುಹಾಕಿಕೊಳ್ಳಲು ದಾರ. ಅದನ್ನು ತೆಗೆದುಕೊಂಡು ನಾವು ಕಾಪುವಿನಲ್ಲಿರುವ ಅವರ ಅಕ್ಕನ ಮನೆಗೆ ಹೋದೆವು. ಸಂಜೆ ಬಿಸಿಲು ಇಳಿದ ಮೇಲೆ ಇಬ್ಬರೇ ಸಮುದ್ರದ ಕಡೆ ನಡೆದೆವು. ಅವರು ಮರಳಿನ ಮೇಲೆ ನಿಂತು ಮೊದಲು ದೀಪಸ್ತಂಭವನ್ನು ನೋಡಿದರು. ಆಮೇಲೆ ದಕ್ಷಿಣಕ್ಕೆ ತಿರುಗಿ ನಂದಿಕೂರಿನ ವಿದ್ಯುತ್ ಸ್ಥಾವರದ ಚಿಮಣಿಯನ್ನು ಹುಡುಕಿದರು. ಸಿಕ್ಕಿತು, ಹೋಯಿತು, ಮತ್ತೆ ಸಿಕ್ಕಿತು. ಇದು ವಸ್ತುವನ್ನು ಹಿಗ್ಗಿಸುವಾಗ ಕೈಯ ನಡುಕವನ್ನೂ ಅಷ್ಟೇ ಹಿಗ್ಗಿಸುತ್ತದೆ ಎಂದು ಗೊಣಗಿದರು.

ದುರ್ಬೀನು ಇಳಿಸಿ ನನ್ನ ಕಡೆ ತಿರುಗಿದರು.

"ನಿನ್ನ ಮುಖ ನೋಡಬೇಕು."

ನಾನು ಎದುರಿಗೆ ಹೋಗಿ ನಿಂತೆ. ಅವರು ದುರ್ಬೀನಿನ ಕೊಳವೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಗಲಿಲ್ಲ.

"ಸ್ವಲ್ಪ ಹಿಂದೆ ನಿಲ್ಲು."

ಹಿಂದೆ ಸರಿದೆ.

"ಇನ್ನೂ ಹಿಂದೆ."

ಯಾಕೆ ಎಂದು ಕೇಳಿದೆ. ಮುಂದಿನ ಗಾಜು ದೂರದ ವಸ್ತುವಿನ ಒಂದು ಪುಟ್ಟ ಚಿತ್ರವನ್ನು ಕೊಳವೆಯೊಳಗೆ ಮೂಡಿಸುತ್ತದೆ, ಕಣ್ಣಿನ ಬಳಿಯ ಗಾಜು ಆ ಚಿತ್ರವನ್ನು ನೋಡುವ ಭೂತಗನ್ನಡಿ ಎಂದರು. ನೀನು ಹತ್ತಿರ ಬಂದಷ್ಟೂ ಆ ಚಿತ್ರ ಹಿಂದಕ್ಕೆ ಸರಿಯುತ್ತದೆ. ಅದನ್ನು ಹಿಡಿಯಲು ಕೊಳವೆಯನ್ನು ಉದ್ದ ಮಾಡಬೇಕು, ಇದು ಅಷ್ಟು ಉದ್ದ ಆಗುವುದಿಲ್ಲ. ತರಗತಿಯಲ್ಲಿ ಹೇಳುವ ಸ್ವರದಲ್ಲೇ ಹೇಳಿದರು. ನಾನು ಹಿಂದೆ ಹಿಂದೆ ಹೋದೆ. ತೆರೆ ಬಂದು ಹಿಮ್ಮಡಿಗೆ ತಾಗಿತು, ಸೀರೆಯ ಅಂಚು ನೆನೆಯಿತು.

"ಅಲ್ಲೇ. ಅಲ್ಲಾಡಬೇಡ."

ನಾನು ಅಲ್ಲಾಡಲಿಲ್ಲ. ಅವರು ದುರ್ಬೀನನ್ನು ನನ್ನಿಂದ ಸ್ವಲ್ಪ ಪಕ್ಕಕ್ಕೆ ಹಿಡಿದು, ಉಳಿದ ದೃಷ್ಟಿಯ ಅಂಚಿಗೆ ನನ್ನನ್ನು ತಂದುಕೊಂಡರು. ಅವರ ಬಾಯಿ ಸ್ವಲ್ಪ ತೆರೆದಿತ್ತು.

"ಓಲೆ ಬದಲಾಯಿಸಿದ್ದೀಯಾ?"

ಹೌದು ಎಂದೆ. ಅದು ಹಿಂದಿನ ವರ್ಷವೇ ಬದಲಾಯಿಸಿದ್ದು. ನನ್ನ ಮಾತು ಗಾಳಿಗೆ ಅವರಿಗೆ ಕೇಳಿಸಿತೋ ಇಲ್ಲವೋ.

"ನೀನು ಸೊರಗಿದ್ದೀ ಮಾರಾಯ್ತಿ. ಯಾರೂ ನನಗೆ ಹೇಳಲಿಲ್ಲ."

ಅವರು ತೋಳು ಸೋಲುವವರೆಗೂ ನೋಡಿದರು. ನಾನು ಅಳು ನುಂಗಿಕೊಂಡು ನಿಂತೆ, ಅತ್ತರೆ ಅದೂ ದೊಡ್ಡದಾಗಿ ಕಾಣಬಹುದೆಂದು. ಕೈ ಇಳಿಸಿದ ಮೇಲೆ ನಾನು ಓಡುತ್ತಾ ಹತ್ತಿರ ಬಂದೆ. ಬಂದೆಯಾ ಎಂದು ಗಾಳಿಯಲ್ಲಿ ಕೈ ಚಾಚಿದರು. ಆ ಕೈ ನನ್ನ ಭುಜದ ಪಕ್ಕದಲ್ಲಿ ಹಾದುಹೋಯಿತು. ನಾನೇ ಹಿಡಿದುಕೊಂಡೆ.

ಮುಂದಿನ ಮಳೆಗಾಲದಲ್ಲಿ ಬಲಗಣ್ಣಿನಲ್ಲಿ ಮತ್ತೆ ರಕ್ತ ಸೋರಿತು, ಈ ಸಲ ಹೆಚ್ಚು. ಡಾಕ್ಟರಮ್ಮ ಒಂದೊಂದೇ ಗಾಜು ಇಟ್ಟು ನೋಡಿದರು. ಯಾವುದರಲ್ಲೂ ಕಾಣಲಿಲ್ಲ. ಅವರು ಕೊನೆಯ ಗಾಜನ್ನೂ ಪೆಟ್ಟಿಗೆಗೆ ಹಾಕಿದಾಗ ನನ್ನ ಗಂಡನೇ, ಎಷ್ಟು ಹಿಗ್ಗಿಸಿದರೂ ಹರಡಲು ಗೋಡೆ ಬೇಕಲ್ಲ ಡಾಕ್ಟರೇ, ಗೋಡೆಯೇ ಹೋಗಿದೆ ಎಂದು ಅವರನ್ನು ಸಮಾಧಾನ ಮಾಡಿದರು. ಆಮೇಲೆ ಬೆಳಕು ಎಲ್ಲಿದೆ, ಕತ್ತಲೆ ಎಲ್ಲಿದೆ ಎಂಬುದಷ್ಟೇ ತಿಳಿಯುತ್ತಿತ್ತು. ಆದರೂ ತಿಂಡಿಯಾದ ಮೇಲೆ ತಮ್ಮ ಭೂತಗನ್ನಡಿಗಳನ್ನೆಲ್ಲ ಮುಂದಿಟ್ಟುಕೊಂಡು, ನಾನು ಕೊಟ್ಟ ಮೆತ್ತಗಿನ ಬಟ್ಟೆಯಿಂದ ಒರೆಸುತ್ತಿದ್ದರು. ಗಾಜಿಗೆ ಬೆರಳಿನ ಗುರುತು ಬೀಳಬಾರದೆಂದು ಅಂಚನ್ನೇ ಹಿಡಿಯುತ್ತಿದ್ದರು.

ಹಾಗೆ ಎರಡು ವರ್ಷ ಇದ್ದರು. ಒಂದು ಬೆಳಿಗ್ಗೆ ಗಂಜಿ ಊಟ ಮಾಡುತ್ತಿದ್ದವರು ಎದೆ ಒತ್ತುತ್ತದೆ ಎಂದರು. ಪಕ್ಕದ ಮನೆಯವರು ರಿಕ್ಷಾ ತಂದರು. ಮಣಿಪಾಲ ಎಷ್ಟು ದೂರ, ಪಕ್ಕದಲ್ಲೇ. ಆದರೂ ತಲುಪುವ ಮೊದಲೇ ಅವರ ತಲೆ ನನ್ನ ಭುಜಕ್ಕೆ ಭಾರವಾಗಿತ್ತು.

ಅವರು ಹೋದ ಮೇಲೆ ನನಗೆ ಎಲ್ಲವೂ ಮಸುಕಾಗಿ ಕಾಣತೊಡಗಿತು. ಅತ್ತು ಅತ್ತು ಹೀಗಾಗಿದೆ ಎಂದುಕೊಂಡೆ. ಅವರಿಲ್ಲದ ಮನೆ ಬಣ್ಣ ಕಳೆದುಕೊಂಡದ್ದು ನನಗೆ ಸಹಜವೆಂದೇ ಅನಿಸಿತು; ಯಾರಿಗೂ ಹೇಳಲಿಲ್ಲ. ಒಬ್ಬ ಹೆಂಗಸು ರವಿಕೆ ಹಿಂದಕ್ಕೆ ತಂದು, ನೀಲಿ ಬಟ್ಟೆಗೆ ಹಸಿರು ನೂಲು ಹಾಕಿದ್ದೀರಲ್ಲ ಅಕ್ಕ ಎಂದು ಮೆಲ್ಲಗೆ ತೋರಿಸಿದಳು. ನಾನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ನನಗೆ ಎರಡೂ ಒಂದೇ.

ಅದೇ ಡಾಕ್ಟರಮ್ಮ ನನ್ನ ಕಣ್ಣು ನೋಡಿ, ಎರಡರಲ್ಲೂ ಪೊರೆ ಬಂದಿದೆ, ಬಂದು ತುಂಬಾ ಸಮಯವಾಗಿರಬೇಕು ಎಂದರು. ಮೊದಲು ಒಂದಕ್ಕೆ ಆಪರೇಶನ್ ಮಾಡಿಸಿದರು. ಹಳೆಯ ಮಸೂರ ತೆಗೆದು ಹೊಸತು ಇಟ್ಟರು.

ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ನನ್ನ ಗಂಡನ ಬಟ್ಟೆಗಳ ಕಪಾಟು ತೆರೆದೆ. ಕೊನೆಯ ವರ್ಷಗಳಲ್ಲಿ ಅವರು ಹೆಚ್ಚಾಗಿ ಹಾಕುತ್ತಿದ್ದ ಅಂಗಿ ಮೇಲೆಯೇ ಇತ್ತು. ಅದನ್ನು ಕಂದು ಎಂದು ತಿಳಿದು ನಾನೇ ಕಂದು ಗುಂಡಿ ಹೊಲಿದಿದ್ದೆ. ಅಂಗಿ ಕಡು ನೇರಳೆ. ಹೊಸ ಕಣ್ಣಿಗೆ ಒಮ್ಮೆ, ಹಳೆಯ ಕಣ್ಣಿಗೆ ಒಮ್ಮೆ ಹಿಡಿದು ನೋಡಿದೆ. ಒಂದರಲ್ಲಿ ನೇರಳೆ, ಇನ್ನೊಂದರಲ್ಲಿ ಕಂದು. ಅವರು ಕಾಣದೆ ಹಾಕಿಕೊಂಡದ್ದನ್ನು ನಾನೂ ಕಾಣದೆ ಇಸ್ತ್ರಿ ಮಾಡಿ ಕೊಟ್ಟಿದ್ದೆ.

ಮುಂದಿನ ಸಲ ಹೋದಾಗ ಡಾಕ್ಟರಮ್ಮನಲ್ಲಿ ಕೇಳಿದೆ. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಅದು ನೀಲಿ ಬೆಳಕನ್ನು ಒಳಗೆ ಬಿಡದೆ ತಡೆಯುತ್ತದೆ, ಹೊಸತು ತಿಳಿಯಾಗಿರುವುದರಿಂದ ಬಣ್ಣ ಮರಳಿತು ಎಂದು ತಾಳ್ಮೆಯಿಂದ ಹೇಳಿದರು. ಚೆನ್ನಾಗಿಯೇ ಹೇಳಿದರು, ಅರ್ಥವಾಯಿತು. ಆದರೆ ನಾನು ಪ್ರಶ್ನೆ ಕೇಳಲು ಬಾಯಿ ತೆರೆದದ್ದು ಇನ್ನೊಬ್ಬರ ಉತ್ತರ ಕೇಳುವುದಕ್ಕೆ. ಅಲ್ಲಿಯೇ ಕುರ್ಚಿಯಲ್ಲಿ ಕೂತು ಅತ್ತುಬಿಟ್ಟೆ. ಹೊಸ ಕಣ್ಣಿಗೆ ನೀರು ತಾಗಬಾರದು ಎಂದು ನರ್ಸ್ ಹತ್ತಿ ತರಲು ಓಡಿದರು. ಡಾಕ್ಟರಮ್ಮ ಮಾತ್ರ ಬಾಗಿಲು ಮುಂದೆ ಮಾಡಿ, ಹೊರಗೆ ಕಾಯುತ್ತಿದ್ದವರನ್ನು ಮರೆತವರಂತೆ ನನ್ನ ಪಕ್ಕದಲ್ಲಿ ಕೂತರು.