ಅತ್ತೆ ಮುರಿದ ಮುದ್ದೆ

ಅತ್ತೆ ನನ್ನ ತಟ್ಟೆಯ ಮುದ್ದೆಯನ್ನು ಮುರಿದು ಅರ್ಧ ವಾಪಸ್ ತೆಗೆದುಕೊಂಡರು. ಆಗ ನನಗೆ ಎಂಟು ತಿಂಗಳು ತುಂಬಿತ್ತು. ಮಗು ದಪ್ಪಗಿದೆ ಎಂದು ಶ್ರೀರಂಗಪಟ್ಟಣದ ಡಾಕ್ಟರು ಹೇಳಿದ್ದನ್ನು ಅಂದೇ ಅವರಿಗೆ ತಿಳಿಸಿದ್ದೆ.

“ಊಟ ಕಮ್ಮಿ ಮಾಡ್ಬೇಡಿ ಅಂತಾನೂ ಹೇಳಿದಾರೆ, ಅತ್ತೆ.”

“ನಿನ್ ಗಂಡನೂ ಇಂಗೇ ದಪ್ಪಕಿದ್ದ ಕಣವ್ವ. ಎಲ್ಡು ದಿನ ಒದ್ದಾಡಿ, ಸತ್ತೇ ಓದೆ ಅನ್ಕಂಡಿದ್ದೆ. ನಿಂಗಾ ಪಾಡು ಬ್ಯಾಡ.”

ಅವರು ತಮಗೂ ಅರ್ಧ ಮುದ್ದೆಯನ್ನೇ ಹಾಕಿಕೊಂಡಿದ್ದರು. ಯಾರಿಗೂ ಹೇಳದಿದ್ದ ಮಾತು ನನ್ನ ಬಾಯಿಂದ ಬಂತು: “ನಂಗೂ ಭಯ ಆಗ್ತಿದೆ.” ಅವರು ತೆಗೆದುಕೊಂಡಿದ್ದ ಅರ್ಧವನ್ನು ಮತ್ತೆ ನನ್ನ ತಟ್ಟೆಗಿಟ್ಟರು.

ಭಯವೇನೂ ಹೋಗಲಿಲ್ಲ. ಆದರೆ ಹೆರಿಗೆಗೆಂದು ಪಾಂಡವಪುರದ ತವರಿಗೆ ಹೊರಟ ದಿನ, ಪದ್ಧತಿಯಲ್ಲದಿದ್ದರೂ, ಅತ್ತೆಯನ್ನು ಜೊತೆಗೆ ಬನ್ನಿ ಎಂದು ಕರೆದೆ. ನನಗಿಂತ ಮೊದಲೇ ಅವರು ಬಸ್ಸು ಹತ್ತಿದರು.